ಗೋಡೆ ಹಿಂದಿನ ಸಲಾಂ

ಫೆಬ್ರವರಿ 6, 1987. ಶುಕ್ರವಾರ. ರಾಮನಗರ

ನನ್ನ ಎಡ ಹೆಗಲ ಮೇಲೆ ಹಗಲಿರುಳೂ ವಿರಾಜಮಾನರಾಗಿ ನನ್ನ ಸಕಲ ಪಾಪಗಳನ್ನೂ ಬರೆದುಕೊಳ್ಳುತ್ತಿರುವ ಘನತೆವೆತ್ತ ದೇವದೂತ, ಫರಿಷ್ತಾ ಮಹಾಸನ್ನಿಧಾನಕ್ಕೆ, ಈ ಪಾಮರನ ಅನಂತ ಸಲಾಮುಗಳು. ಬಲ ಹೆಗಲಲ್ಲಿ ಪುಣ್ಯ ಬರೆಯೋ ಸಾಹೇಬರು ಎಂದಿನಂತೆ ತೂಕಡಿಸುತ್ತಿದ್ದಾರೆ. ಕೆಲಸ ಇಲ್ಲ.

ಮಧ್ಯಾಹ್ನದವರೆಗೂ ಬಾಬಾಜಾನ್ ಉಸ್ತಾದರ ನೂಲು ತೆಗೆಯೋ ಫಿಲೇಚರ್‌ನಲ್ಲಿ ರೇಷ್ಮೆಗೂಡು ಬೇಯಿಸಿದೆ. ಸಂಜೆ ಅವರು ಖಬರಸ್ತಾನಕ್ಕೆ ಹೊರಟರು. ಅವರ ಅಣ್ಣ ಇಮಾಮ್ ಸಾಬ್ ತೀರಿಹೋಗಿದ್ದು ಕಳೆದ ರಂಜಾನಿನಲ್ಲಿ. ತಮಾಷೆಗೆ ಅಂತ ನಾನು ಮೊದಲೇ ಓಡಿಹೋಗಿ, ಗೋರಿ ಪಕ್ಕದ ಗೋಡೆ ಆಚೆ ಕೂತೆ. ಉಸ್ತಾದ್ ಗೋರಿಗೆ ಸಲಾಂ ಹೇಳಿದರು. ನಾನು ಗಂಟಲು ದಪ್ಪ ಮಾಡಿ — "ವಾಲೇಕುಂ ಸಲಾಂ."

ಹೆದರಿ ಓಡ್ತಾರೆ ಅಂದ್ಕೊಂಡಿದ್ದೆ. ಗೋರಿ ಹತ್ತಿರ ಕೂತುಬಿಟ್ಟರು.

"ಭಾಯಿ... ಮಾರ್ಕೆಟ್‌ನಲ್ಲಿ ಎಲ್ಲರ ಮುಂದೆ ನಿನ್ನ ಕಳ್ಳ ಅಂದ್ಬುಟ್ಟೆ. ಮಾಫ್ ಮಾಡಿದ್ಯಾ?"

ನಗು ತಡೆಯೋಕೆ ಬಾಯಿಗೆ ಟವೆಲ್ ತುರುಕಿಕೊಂಡಿದ್ದೆ. ಉತ್ತರ ಕೊಡಲಿಲ್ಲ.

ಫೆಬ್ರವರಿ 9

ಉಸ್ತಾದ್ ಊಟ ಬಿಟ್ಟಿದ್ದಾರೆ. ಅವರ ಹೆಂಡತಿ ಬದ್ರುನ್ನೀಸಾ ಚಾಚಿ ಹತ್ತಿರ ಹೇಳಿದರಂತೆ — ಅಣ್ಣ ಸಲಾಮಿಗೆ ಉತ್ತರ ಕೊಟ್ಟ, ಮಾಫಿ ಕೇಳಿದ್ರೆ ಸುಮ್ಮನಾದ.

ಚಿಕ್ಕಂದಿನಲ್ಲಿ ಸಂಜೆ ಪಾಠದಲ್ಲಿ ಉಸ್ತಾದರೇ ಹೇಳಿಕೊಟ್ಟಿದ್ದು. ನಮಾಜು ತಪ್ಪಿದರೆ ಅಲ್ಲಾ ಕ್ಷಮಿಸಬಹುದು. ಮನುಷ್ಯನಿಗೆ ಮಾಡಿದ ಅನ್ಯಾಯ ಆ ಮನುಷ್ಯನೇ ಮಾಫ್ ಮಾಡಬೇಕು. ಇಲ್ಲಾಂದ್ರೆ ಖಯಾಮತ್ ದಿನ, ಕೊನೇ ಲೆಕ್ಕ ನೋಡೋವಾಗ, ನಮ್ಮ ಪುಣ್ಯ ಕಿತ್ತು ಅವನಿಗೆ ಕೊಡ್ತಾರೆ. ನಾನೂ ಗೆಳೆಯ ನಿಯಾಜೂ ಹಿಂದಿನ ಸಾಲಲ್ಲಿ ಕೂತು ನಗ್ತಿದ್ವಿ. ಈಗ ಅವನೂ ಇದೇ ಫಿಲೇಚರ್‌ನಲ್ಲಿ.

ಫೆಬ್ರವರಿ 13. ಶುಕ್ರವಾರ

ಮತ್ತೆ ಗೋಡೆ ಹಿಂದೆ ಕೂತೆ. "ಮಾಫ್ ಮಾಡಿದೆ" ಅಂದ್ಬಿಟ್ರೆ ಮುಗೀತು, ಅಲ್ವಾ? ಆದ್ರೆ ಇಮಾಮ್ ಸಾಬ್ ಕೊಡಬೇಕಾದ್ದನ್ನ ಕೊಡೋಕೆ ನಾನ್ಯಾರು...

ಉಸ್ತಾದ್ ಬರಲೇ ಇಲ್ಲ. ಜ್ವರ.

ಫೆಬ್ರವರಿ 14

ಹೇಳ್ಬುಟ್ಟೆ. ಮಂಚದ ಪಕ್ಕ ನಿಂತು — ಗೋಡೆ, ದಪ್ಪ ದನಿ, ಟವೆಲ್, ಎಲ್ಲಾ. ಉಸ್ತಾದ್ ಎದ್ದು ದಿಂಬಿಗೆ ಒರಗಿದರು. ಆಮೇಲೆ ಕೆಮ್ಮಿದ ಹಾಗೆ ನಕ್ಕರು.

"ಬೇವಕೂಫ್ ನನ್ಮಗ. ನಾನೂ ನಂಬಿದ್ನಲ್ಲ. ಹೋಗ್ಲಿ, ಮಾಫ್. ಭಾಯಿನ ಸತ್ಮೇಲೆ ಅಲ್ಲೇ ಹೋಗಿ ಕೇಳ್ತೀನಿ."

ಚಾಚಿ ತಂದ ಗಂಜಿ ಒಸಿ ಕುಡಿದರು. ಬಲ ಹೆಗಲಿನ ಸಾಹೇಬರೇ, ಎದ್ದೇಳಿ. ಬರ್ಕೊಳ್ಳಿ.

ಫೆಬ್ರವರಿ 27

ಉಸ್ತಾದರ ಜನಾಜಾ. ನಾನೂ ಹೆಗಲು ಕೊಟ್ಟೆ. ಎಡ ಹೆಗಲು. ಮಹಾಸನ್ನಿಧಾನಕ್ಕೆ ಭಾರವಾಗಿರಬೇಕು.

ಮಣ್ಣು ಹಾಕಿ ಬರುವಾಗ ನಿಯಾಜ್ ಹೇಳಿದ — ಮೊನ್ನೆ ಉಸ್ತಾದ್ ಹತ್ತಿರ ಕರೆದು, ತಲೆ ಮೇಲೆ ಕೈಯಿಟ್ಟು, ಮಾಫ್ ಮಾಡಿದ್ದೀನಿ ಬೇಟಾ ಅಂದರಂತೆ. "ಯಾತಕ್ಕೋ ಗೊತ್ತಾಗ್ಲಿಲ್ಲ ಕಣ್ಲಾ," ಅಂದ. ಕಣ್ಣು ಒರೆಸಿಕೊಂಡ.

ನಂಗೂ ಗೊತ್ತಿಲ್ಲ ಅಂದೆ.

ಎಡ ಹೆಗಲಿನ ಮಹಾಸನ್ನಿಧಾನವೇ, ನೀವು ಆವತ್ತೇ ಬರೆದುಕೊಂಡಿರ್ತೀರಿ. ಮಂಚದ ಪಕ್ಕ ನಿಂತು ಎಲ್ಲಾ ನಿಜಾನೇ ಹೇಳಿದ್ದೆ, ಒಂದು ಬಿಟ್ಟು. ಗೋಡೆ ಹಿಂದೆ ಕೂತಿದ್ದೋನು ನಿಯಾಜ್ ಅಂದಿದ್ದೆ. ನಾನು ಬರೀ ನೋಡ್ದೋನು ಅಂತ...