ನನ್ನ ಬಳಿ ಬಿಟ್ಟುಹೋದ ನಿನ್ನ ಮೊಹರು

ತೈನಾನ್ ಸೀಮೆ
ಸೋಮವಾರ, 23 ನವೆಂಬರ್ 2009

ಪ್ರೀತಿಯ ಆ-ಹುನ್,

ನಾನು ಕ್ಷೇಮ. ಹ್ವಾಲಿಯೆನ್‌ನಲ್ಲಿ ನೀನೂ ನಿನ್ನ ಅಕ್ಕನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದವು, ಒಂದಕ್ಕೂ ಉತ್ತರ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡ. ಕೈ ನೋವಿತ್ತು ಎಂದು ಬರೆಯಬಹುದಿತ್ತು, ಆದರೆ ಎಂಟನೇ ವಯಸ್ಸಿನಿಂದ ನನ್ನ ಸುಳ್ಳು ಹಿಡಿಯುತ್ತ ಬಂದವಳು ನೀನು. ಬರೆಯಲು ಮನಸ್ಸಾಗಲಿಲ್ಲ, ಅಷ್ಟೆ. ಲಕ್ವ ಹೊಡೆದ ಅಕ್ಕನ ಎಡಗೈ ಈಗ ಸ್ವಲ್ಪ ಆಡುತ್ತಿದೆ ಎಂದು ಓದಿ ಮಾಜು ತಾಯಿಗೆ ಊದಿನಕಡ್ಡಿ ಹಚ್ಚಿ ಬಂದೆ.

ನೀನು ಬಿಟ್ಟುಹೋದದ್ದೆಲ್ಲ ಇದ್ದಲ್ಲೇ ಇದೆ. ನಾಟಿಗೆಂದು ಕೊಟ್ಟ ಕಮಲದ ಗೆಡ್ಡೆ ನನ್ನ ಹಿತ್ತಲ ಬಾನಿಯಲ್ಲಿದೆ, ನೀರು ಬತ್ತಲು ಬಿಟ್ಟಿಲ್ಲ. ಸಹಿಯ ಬದಲು ಒತ್ತುವ, ನಿನ್ನ ಹೆಸರು ಕೆತ್ತಿದ ಮರದ ಮೊಹರು ಮೇಜಿನ ಖಾನೆಯಲ್ಲಿದೆ. ರಿಜಿಸ್ಟರ್ ಅಂಚೆ ತಂದಾಗ ಅಂಚೆಯವನು, "ಅಜ್ಜಿ, ಇದು ನಿಮ್ದಲ್ಲ, ಆ ಅಜ್ಜಿದು. ಮೊಹರು ತನ್ನಿ" ಅನ್ನುತ್ತಾನೆ. ನಾನು ಒತ್ತಿ ಇಸಿದುಕೊಳ್ಳುತ್ತೇನೆ. ನಮ್ಮೂರಲ್ಲಿ ಯಾರ ಮೊಹರು ಯಾರ ಮನೆಯಲ್ಲಿಲ್ಲ ಹೇಳು.

ಗದ್ದೆಯ ಬಗ್ಗೆ ಏನೋ ಸುದ್ದಿಯಂತೆ, ನಿಜವೇ ಎಂದು ನೀನು ಕೇಳಿದ್ದೆ. ನಿಜ ಕಣೇ. ಕಾಲುವೆಯ ಆಚೆಗಿರುವ ಕಮಲದ ಗದ್ದೆಗಳೆಲ್ಲ ಇನ್ನು ಕೃಷಿ ಭೂಮಿಯಲ್ಲ, ವಸತಿ ವಲಯ. ನನ್ನದೂ ಸೇರಿದೆ, ನಿನ್ನದೂ ಸೇರಿದೆ. ಮಣ್ಣು ತುಂಬಿ ಮಟ್ಟ ಮಾಡುತ್ತಾರಂತೆ. ರಸ್ತೆಗೆ, ಪಾರ್ಕಿಗೆ ಅಂತ ಅರ್ಧ ಕಳೆದು, ಉಳಿದರ್ಧವನ್ನು ಬೇರೆಲ್ಲೋ ಸೈಟು ಮಾಡಿ ಕೊಡುತ್ತಾರಂತೆ. ಸೈಟಿನಲ್ಲಿ ಕಮಲ ಬೆಳೆಯುತ್ತದೆಯೇ?

ನಮ್ಮೂರ ಮುಖ್ಯಸ್ಥ ಬುನ್-ಹ್ಯೋಂಗ್‌ನಿಗೆ ಮಾತ್ರ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ದಾರಿಯಲ್ಲಿ ಸಿಕ್ಕಿ, "ಅಕ್ಕಾ, ಕೆಸರಲ್ಲಿ ನಿಂತೂ ನಿಂತೂ ಮೊಣಕಾಲು ಹೋಯ್ತಲ್ಲ, ಇನ್ಮೇಲೆ ಫ್ಯಾನ್ ಕೆಳಗೆ ಕೂತು ಟೀವಿ ನೋಡಿ" ಅಂದ. "ನನ್ನ ಮೊಣಕಾಲಿನ ಚಿಂತೆ ನಿಂಗ್ಯಾಕೋ? ಓಟು ಕೇಳೋಕೆ ಇದೇ ಕೆಸರಿಗಿಳಿದು ಕೈ ಮುಗಿದಿದ್ದೆ, ಮರ್ತೋಯ್ತಾ?" ಅಂದೆ. ನಕ್ಕು ಸ್ಕೂಟರ್ ಏರಿದ. ದಪ್ಪ ಚರ್ಮ ಅವನದು.

ಜಮೀನಿನವರು ಒಟ್ಟು ನೂರಾ ಹದಿನೆಂಟು ಮಂದಿ. ಅರವತ್ತು ಮಂದಿ ಒಪ್ಪಿದರೆ ಸಾಕು ಎಂಬುದು ಕಾನೂನಂತೆ. ಸೆಪ್ಟೆಂಬರಿನಲ್ಲಿ ಗುಡಿಯ ಅಂಗಳದಲ್ಲಿ ಶಾಮಿಯಾನ ಹಾಕಿ "ಬರೀ ಮಾಹಿತಿ ಸಭೆ" ಎಂದು ಕರೆದರು. ಬಂದವರೆಲ್ಲ ಹಾಜರಿ ಎಂದುಕೊಂಡು ಮೊಹರು ಒತ್ತಿದರು. ಅದು ಹಾಜರಿಯಲ್ಲ, ಒಪ್ಪಿಗೆ ಎಂದು ತಿಳಿದದ್ದು ಈ ತಿಂಗಳ ಐದಕ್ಕೆ, ಆಕ್ಷೇಪಣೆ ಕೇಳಲು ಅಧಿಕಾರಿಗಳು ಬಂದಾಗ.

ಅವತ್ತು ನಾನು ಎದ್ದು ನಿಂತೆ. ನನ್ನ ಬಾಯಿ ನಿನಗೆ ಗೊತ್ತಲ್ಲ. "ಅಪ್ಪ ಅಜ್ಜ ದುಡಿದ ಗದ್ದೆ ಇದು. ಕೊಡ್ತೀವಿ ಅಂದೋರು ಯಾರು? ಹೆಸರು ತೋರ್ಸಿ ನೋಡಾಣ!" ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, "ನಿಧಾನವಾಗಿ ನೋಡಿ ಅಜ್ಜಿ" ಅಂದ. ನೋಡಿದೆ. ಕುಳಿತುಬಿಟ್ಟೆ. ಹಿಂದಿನಿಂದ ಯಾರೋ, "ಏನಾಯ್ತು, ಬಾಯಿಗೆ ಬೀಗ ಬಿತ್ತಾ?" ಅಂದರು.

ಈ ಸಲ ಕಮಲದ ಬೀಜ ಬಿಡಿಸುವಾಗ ಲೊಂಗನ್ ಮರದಡಿ ನಾವು ನಾಲ್ವರೇ. ನಿನ್ನ ಮಣೆಯ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ. ಬಿದಿರ ಕಡ್ಡಿಯಿಂದ ಬೀಜದೊಳಗಿನ ಕಹಿ ಮೊಳಕೆಯನ್ನು ನಿನ್ನಷ್ಟು ಚೊಕ್ಕವಾಗಿ ತೆಗೆಯುವವರು ಇಲ್ಲಿ ಯಾರೂ ಇಲ್ಲ. ನಾನು ತೆಗೆದರೆ ಅರ್ಧ ಒಳಗೇ ಉಳಿಯುತ್ತದೆ.

ನಿನ್ನ ಕೊನೆಯ ಕಾಗದವನ್ನು ದಿನವೂ ಓದುತ್ತೇನೆ. "ಮಾರ್ಚಿಗೆ ಬರ್ತೀನಿ ಕಣೇ, ಒಂದ್ಸಲ ಗದ್ದೆಗಿಳಿದ್ರೆ ಸಾಕು, ಈ ಆಸ್ಪತ್ರೆ ವಾಸನೆ ಮೈಯಿಂದ ಹೋಗುತ್ತೆ" ಎಂದು ಬರೆದಿದ್ದೀಯಲ್ಲ, ಅದನ್ನು. ಗಂಡ ಹೋದ ಮೇಲೆ ಮೈದುನರ ಜೊತೆ ಏಳು ವರ್ಷ ಬಡಿದಾಡಿ ಉಳಿಸಿಕೊಂಡ ಗದ್ದೆ. ನಿನ್ನದು ಅಂತ ನಿನಗಿರುವುದು ಅದೊಂದೇ. ಅದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮಾಜು ತಾಯಿ ನಿಮ್ಮಿಬ್ಬರ ತಲೆ ಕಾಯಲಿ. ಅಲ್ಲಿ ಸಮುದ್ರದ ಗಾಳಿ ಜೋರು, ಎದೆಗೆ ಬೆಚ್ಚಗೆ ಹೊದ್ದುಕೋ.

ಇಂತಿ ನಿನ್ನ
ಆ-ಖಿಮ್

ಮರೆತ ಮಾತು: ಮರೆತದ್ದಲ್ಲ, ಆ-ಹುನ್. ಬರೆಯಲಾಗದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಸೆಪ್ಟೆಂಬರಿನ ಸಭೆಗೆ ನಾನು ಎರಡು ಮೊಹರು ಒಯ್ದಿದ್ದೆ. ಒಂದು ಮೊಹರಿಗೆ ಒಂದು ಊಟದ ಡಬ್ಬಿ, ಒಂದು ಬಾಟಲಿ ಸೋಯಾ ಸಾಸು ಕೊಡುತ್ತಿದ್ದರು. ನೀನು ಬಂದಾಗ ನಿನ್ನ ಬಾಟಲಿ ಕೊಡೋಣ ಅಂದುಕೊಂಡು ನಿನ್ನದನ್ನೂ ಒತ್ತಿದೆ. ಪಟ್ಟಿಯಲ್ಲಿ ಒಟ್ಟು ಅರವತ್ತೊಂದು ಮೊಹರಿದ್ದವು. ಒತ್ತಿದ್ದನ್ನು ಹಿಂದಕ್ಕೆ ಪಡೆಯಲು ಈ ತಿಂಗಳ ಐದರಿಂದ ಹದಿನೈದು ದಿನ ಕೊಟ್ಟರು. ಮರುದಿನವೇ ಓಡಿ ನನ್ನದನ್ನು ತೆಗೆಸಿದೆ. ನಿನ್ನದೂ ನಾನೇ ಒತ್ತಿದ್ದು ಎಂದು ಅತ್ತೆ, ಕಾಲು ಹಿಡಿಯುವುದೊಂದು ಬಾಕಿ. "ಅವರೇ ಬರ್ಬೇಕು ಅಜ್ಜಿ" ಅಂದರು. ನೀನು ಬರಲಿಲ್ಲ, ಏಕೆಂದರೆ ನಾನು ಹೇಳಲಿಲ್ಲ. ಗಡುವು ಕಳೆದ ಶುಕ್ರವಾರ ಮುಗಿಯಿತು. ಉಳಿದವು ಸರಿಯಾಗಿ ಅರವತ್ತು, ನಿನ್ನದೂ ಸೇರಿ.

ಹೋದ ಶನಿವಾರದ ಹಿಂದಿನ ಶನಿವಾರ ನಾನು ಫೋನ್ ಮಾಡಿದ್ದೆ, ನೆನಪಿದೆಯೇ? ಅಕ್ಕನಿಗೆ ಗಂಜಿ ಸೇರುತ್ತಾ ಎಂದು ಕೇಳಿದೆ. ಸೇರುತ್ತೆ ಕಣೇ, ಇನ್ನೇನು ವಿಶೇಷ ಎಂದು ನೀನು ಕೇಳಿದೆ. ಏನೂ ಇಲ್ಲ ಎಂದು ಇಟ್ಟುಬಿಟ್ಟೆ. ಅವತ್ತಿಗೆ ಗಡುವು ಇನ್ನೂ ಆರು ದಿನ ಇತ್ತು.