ವಿಮಲೆಯ ಮೂರನೇ ಭಾಗ

ಮಳವಳ್ಳಿ
೧೨-೬-೧೯೪೪

ಪ್ರೀತಿಯ ಯಶೋದಾ,

ಮದ್ದೂರಿನಲ್ಲಿ ನಾನು ರಾಗಿ ಬೀಸುವಾಗ ನೀನು ಓದಿ ಹೇಳುತ್ತಿದ್ದ ವಿಮಲೆಯ ಪ್ರೇಮಕಥೆಯ ಮೂರು ಭಾಗಗಳು ಇಲ್ಲಿ ಸಿಕ್ಕವು. ಆಗ ನನಗೆ ಉರ್ದು ಮಾತ್ರ ಓದಲು ಬರುತ್ತಿತ್ತು. ಈಗ ಮೂರೂ ಭಾಗ ನಾನೇ ಓದಿದೆ.

ಪುಸ್ತಕದಲ್ಲಿ ವಿಮಲೆ ಕೊನೆಗೆ ಅಪ್ಪ ತೋರಿಸಿದವನನ್ನು ತಲೆತಗ್ಗಿಸಿ ಮದುವೆಯಾಗುತ್ತಾಳೆ. ನೀನು ಓದಿದ್ದು ಹಾಗಲ್ಲ. "ಈ ಮದ್ವೆ ಬ್ಯಾಡ ಕಣಪ್ಪ, ಓದಿ ಮೇಷ್ಟ್ರಾಯ್ತೀನಿ" ಅಂದಳೆಂದು ಓದಿದ್ದೆ. ನಾನು ಬೀಸುವುದನ್ನೇ ನಿಲ್ಲಿಸಿ ಕೇಳಿದ್ದೆ. ಅದನ್ನು ನಂಬಿಯೇ ಅಬ್ಬಾ ತಂದ ಸಂಬಂಧಕ್ಕೆ ನಾನೂ ಹಾಗೇ ಅಂದದ್ದು.

ಆ ಮಾತು ನಿನಗೆ ಓದುತ್ತಲೇ ಹೊಳೆಯಿತೋ, ಮೊದಲೇ ಯೋಚಿಸಿದ್ದೆಯೋ? ನೀನು ಹೇಳಿದ ಕೊನೆಯನ್ನು ಪೂರ್ತಿ ಬರೆದು ಬೇಗ ಕಳಿಸು. ಮೂರನೇ ಭಾಗ ಕೇಳಲು ನನ್ನ ಶಾಲೆಯ ಹುಡುಗಿಯರು ಕಾದಿದ್ದಾರೆ.

ನಿನ್ನ
ಹಬೀಬುನ್ನೀಸಾ,
ಉಪಾಧ್ಯಾಯಿನಿ