ಪದ್ಯದಲ್ಲಿ ಇಲ್ಲದ ಬೀಗ

೧೧-೧-೬೪, ಶನಿವಾರ
ಒಂಬತ್ತನೇ ಕ್ಲಾಸಿನ ಪ್ರಬಂಧ ಇನ್ನೂ ಹದಿನೆಂಟು ಉಳಿದಿವೆ. ಕೆಂಪು ಇಂಕು ಮುಗಿಯಿತು. ಪೋಸ್ಟಿನಲ್ಲಿ ಪತ್ರಿಕೆ ಬಂತು — ನನ್ನ 'ದಹನ' ಪದ್ಯ ಮೂರನೇ ಪುಟದಲ್ಲಿ, ಬಾರ್ಡರ್ ಹಾಕಿ. ಆರು ಸಲ ಓದಿಕೊಂಡೆ. ನವೆಂಬರಿನಲ್ಲಿ ಪಂಚಾಕ್ಷರಯ್ಯನವರ ಹೊಗೆಸೊಪ್ಪಿನ ಗೋಡೌನ್ ಹತ್ತಿಕೊಂಡು ಕೂಲಿ ಚಲುವಯ್ಯ ಒಳಗೇ ಸುಟ್ಟುಹೋದನಲ್ಲ, ಅದೇ. ಊರಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹೇಡಿಗಳು. ನಾನಾದರೂ ಬರೆದೆ. ಹೊಸ ಪದ್ಯ ಇರುವುದೇ ಇದಕ್ಕಲ್ಲವೆ?

೧೯-೧, ಭಾನುವಾರ
ಹಾಸನದಲ್ಲಿ ಕವಿಗೋಷ್ಠಿ. ಓದಿದೆ. ಕಾಲೇಜಿನ ಲೆಕ್ಚರರ್ ರುದ್ರಯ್ಯ ಎದ್ದು ಅರ್ಧ ಗಂಟೆ ಹೊಗಳಿದರು. ಈ ಬೆಂಕಿ ಹೊರಗಿನದಲ್ಲವಂತೆ, ಆಧುನಿಕ ಮನುಷ್ಯನ ಒಳಗಿನದಂತೆ. ಒಳಗಿನದು! ಸ್ವಾಮಿ, ಸತ್ತವನಿಗೊಂದು ಹೆಸರಿತ್ತು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಕಾಫಿ ಹೊತ್ತಿನಲ್ಲಿ ಮೆಲ್ಲಗೆ ಆ ಮಾತು ಎತ್ತಿದೆ.
"ಏನ್ರೀ ಷಡಕ್ಷರಿ, ಪದ್ಯ ಏನು ಪೊಲೀಸ್ ರಿಪೋರ್ಟೇ?" ಅಂದರು.
ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸು ಅರಕಲಗೂಡು ಮುಟ್ಟುವವರೆಗೂ ಮೈ ಉರಿಯುತ್ತಿತ್ತು — ಅವರ ಮೇಲೆ, ನಕ್ಕ ನನ್ನ ಮೇಲೆ.

೨೩-೧, ಗುರುವಾರ
ನಮ್ಮ ಸ್ಕೂಲ್ ಕಮಿಟಿಗೂ ಅದೇ ಪಂಚಾಕ್ಷರಯ್ಯನವರೇ ಪ್ರೆಸಿಡೆಂಟರು. ಇವತ್ತು ಸ್ಟಾಫ್ ರೂಮಿಗೇ ಬಂದರು, ಕೈಯಲ್ಲಿ ಪತ್ರಿಕೆ. ಕೆಲಸ ಹೋಯಿತು ಅಂದುಕೊಂಡೆ.
"ಭೇಷ್ ಕಣ್ರೀ ಮೇಷ್ಟ್ರೆ! ಊರಿಗೆ ಹೆಸ್ರು ತಂದ್ಬುಟ್ರಿ. ಏನ್ ಬರ್ದಿದ್ದೀರೋ ನಂಗೊಂದಕ್ಷರಾನೂ ತಲೆಗತ್ಲಿಲ್ಲ. ಆದ್ರೂ ಭಾರಿಯಾಗೈತೆ ಬುಡಿ. ಸ್ಕೂಲ್ ಡೇ ದಿನ ನಾನೇ ಶಾಲು ಹೊದಿಸ್ತೀನಿ."
ಬೆನ್ನು ತಟ್ಟಿ ಹೋದರು. ಯಾರ ಮೇಲೆ ಬರೆದೆನೋ ಅವರದೇ ಶಾಲು! ಹಳೇ ಕವಿಗಳು ರಾಜರನ್ನು ಹೊಗಳಿ ಹೊದ್ದರು. ನಾನು ಅರ್ಥವಾಗದ ಹಾಗೆ ಬೈದು ಹೊದೆಯುತ್ತೇನೆ. ಥೂ, ನನ್ನ ಜನ್ಮಕ್ಕೆ.

೪-೨, ಮಂಗಳವಾರ
ಬೆಳಿಗ್ಗೆ ಚಲುವಯ್ಯನ ಹೆಂಡತಿ ಮಾಯಮ್ಮ ಬಂದಿದ್ದಳು. ಜಗಲಿ ಮೇಲೆ ಬಾ ಅಂದರೂ ಬರಲಿಲ್ಲ. ಅಂಗಳದಲ್ಲೇ ನಿಂತಳು.
"ಅಮಲ್ದಾರ್ರು ಸುಕ್ರವಾರ ಇಚಾರಣೆ ಮಡಗವ್ರಂತೆ ಸಾ. ಕುಡ್ಕಂಡು ಮನ್ಗಿದ್ದ, ಅವ್ನ ಬೀಡಿಯಿಂದ್ಲೇ ಅತ್ಕಂತು ಅಂತ ಸಾವ್ಕಾರ್ರು ಬರ್ಸವ್ರೆ. ನನ್ ಗಂಡ ಎಂಡಾನೂ ಬೀಡೀನೂ ಮುಟ್ತಾನೇ ಇರ್ಲಿಲ್ಲ. ಸೊಪ್ಪು ಕದೀತಾರೆ ಅಂತ ಒರಗಿಂದ ಬೀಗ ಜಡ್ದಿದ್ರು. ನೀವು ಅಲ್ಲೇ ಇದ್ರಂತೆ, ಎಲ್ಲಾನೂ ಬರ್ದಿದ್ದೀರಂತೆ. ಓದಿ ಸಾ, ಕೇಳ್ತೀನಿ."
ಓದಿದೆ. 'ಧೂಮಗರ್ಭದೊಳಗೆ ನಾನೇ ಸಮಿಧೆ' ಅನ್ನುವಲ್ಲಿ ನಾಲಿಗೆ ತೊಡರಿತು. ಕಡೇವರೆಗೂ ಕೇಳಿದಳು.
"ಇದ್ರಾಗೆ ಬೀಗ ಎಲ್ಲೈತೆ ಸಾ?"
ಇಲ್ಲ. ನಲವತ್ತೆರಡು ಸಾಲು. ಯಜ್ಞ ಇದೆ, ಗರ್ಭ ಇದೆ, 'ನಾನು' ಎಂಟು ಕಡೆ ಇದೆ. ಬೀಗ ಇಲ್ಲ. ಚಲುವಯ್ಯ ಇಲ್ಲ. ಈ ಎರಡು ಕಣ್ಣಿಂದ ಕಂಡಿದ್ದೆ! ಯಾರೂ ಅಳಿಸು ಅನ್ನಲಿಲ್ಲ. ಚೆಂದ ಕೆಡುತ್ತದೆ ಅಂತ ನಾನೇ ಬಿಟ್ಟೆ.
"ಅಂಗಾರೆ ಬಂದು ಬಾಯ್ನಾಗೆ ಏಳಿ" ಅಂದು ಹೊರಟಳು.

೬-೨, ಗುರುವಾರ
ನಾಳೆ ಕಚೇರಿಗೆ ಹೋಗಿ ಹೇಳುತ್ತೇನೆ ಅಂದದ್ದಕ್ಕೆ ನನ್ನ ಹೆಂಡತಿ ಸುವರ್ಣ ಅಡುಗೆಮನೆಯಿಂದಲೇ ರೇಗಿದಳು: "ಕೆಲ್ಸ ಹೋದ್ರೆ ಮಕ್ಳಿಗೇನು ಉಣ್ಣಕ್ಕಿಕ್ತೀರಾ? ಪದ್ಯ ಬರ್ದ್ರಲ್ಲ, ಸಾಲ್ದಾ?"
ಸಾಲದು ಕಣೆ. ಸಾಲದು.

೭-೨, ಶುಕ್ರವಾರ, ಮಧ್ಯಾಹ್ನ ಮೂರು
ತಾಲ್ಲೂಕು ಕಚೇರಿಯಿಂದ ಈಗ ಬಂದೆ. ಹೇಳಿದೆ. ಬಾಗಿಲಿಗೆ ಹೊರಗಿನಿಂದ ಬೀಗ ಇತ್ತು, ಹೊಗೆ ಬರುವಾಗಲೂ ಇತ್ತು, ಒಳಗಿನಿಂದ ಬಡಿಯುವ ಸದ್ದು ಕೇಳಿತು — ಗಟ್ಟಿಯಾಗಿ, ಬಿಡಿಸಿ ಹೇಳಿದೆ. ಪಂಚಾಕ್ಷರಯ್ಯನವರ ಮುಖ ಕಪ್ಪಿಟ್ಟಿತು. ನನ್ನ ಬಾಯಿಂದ ಅವರಿಗೆ ಅರ್ಥವಾದ ಮೊದಲ ಮಾತು. ಗುಮಾಸ್ತ ಬರೆದುಕೊಂಡ. ಬಾಗಿಲ ಬಳಿ ಮಾಯಮ್ಮ ಕಣ್ಣೊರೆಸಿಕೊಂಡಳು. ಗೆದ್ದೆ ಅಂದುಕೊಂಡೆ.
ಆಗ ಅಮಲ್ದಾರರು ತಲೆಯೆತ್ತಿದರು. "ಹೊಗೆ ನೋಡಿದ್ರಿ, ಬೀಗ ನೋಡಿದ್ರಿ, ಸದ್ದು ಕೇಳಿದ್ರಿ. ಜನ ಓಡಿ ಬರೋವರೆಗೆ ನೀವೇನು ಮಾಡ್ತಿದ್ರಿ ಮೇಷ್ಟ್ರೆ?"
ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸೊಪ್ಪು ಹದ ಮಾಡುವ ದಿನನಿತ್ಯದ ಹೊಗೆ ಅಂದುಕೊಂಡೆ, ಕಂತೆ ಬಡಿಯುತ್ತಿದ್ದಾರೆ ಅಂದುಕೊಂಡೆ. ಹೊಗೆ ಸೂರ್ಯನಿಗೆ ಅಡ್ಡ ಬಂತು, ಒಂದು ಸಾಲು ಹೊಳೆಯಿತು. ಮರೆತುಹೋದೀತು ಅಂತ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದೆ ಅಂದೆ.
ಮುಂದಿನ ಪ್ರಶ್ನೆ ಕೇಳಿದ್ದು ಅಮಲ್ದಾರರಲ್ಲ, ಮಾಯಮ್ಮ.
"ಏಟೊತ್ತು ಬರೀತಿದ್ರಿ ಸಾ?"
ಆ ಸಾಲನ್ನು ನಾಲ್ಕು ಸಲ ತಿದ್ದಿದ್ದೆ. ನಾನು ಅವಳಿಗೆ ಅದನ್ನೇ ಹೇಳಿದೆ: ಒಂದು ಸಾಲನ್ನು ನಾಲ್ಕು ಸಲ ತಿದ್ದುವಷ್ಟು ಹೊತ್ತು.